ನಾಲ್ಕು ಸಾವಿರದ ಲೆಕ್ಕ

12 ಅಕ್ಟೋಬರ್ 2025, ರವಿವಾರ
ವಿಜಯಪುರ

ಮಧ್ಯಾಹ್ನ ಊಟ ಆದ ಮೇಲೆ ತಮ್ಮ ಒಂದು ಕ್ಯಾರಿಬ್ಯಾಗ್ ತಂದು ನನ್ನ ಮುಂದೆ ಸುರಿದ. ಬ್ಯಾಂಕಿನ ಪತ್ರಗಳು, ಕ್ರೆಡಿಟ್ ಕಾರ್ಡಿನ ಬಿಲ್ಲುಗಳು. ಅರ್ಧ ಲಕೋಟೆಗಳನ್ನು ಒಡೆದೇ ಇರಲಿಲ್ಲ.

"ತಿಂಗಳಾ ನಾಕ್ ಸಾವಿರ ಕಟ್ಟಾಕತ್ತೀನಿ ಅಣ್ಣಾ, ಸಾಲ ಅಲ್ಲಾಡವಲ್ದು" ಎಂದ.

ಕಾರ್ಡಿನ ಬಾಕಿ 80,000. ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ 2,800. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 504. ಇವನು ಕಟ್ಟುತ್ತಿದ್ದುದು ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ ಕಾಣುವ 'ಮಿನಿಮಮ್ ಡ್ಯೂ', ಅಂದರೆ ಕನಿಷ್ಠ ಕಟ್ಟಲೇಬೇಕಾದ ಮೊತ್ತ, 4,000. ಅಸಲಿಗೆ ಹೋಗಿದ್ದು ಬರೀ 696. ನಾನು ಲೆಕ್ಕ ಬರೆಯುತ್ತಿದ್ದ ಪುಸ್ತಕವನ್ನು ತಮ್ಮ ತನ್ನ ಕಡೆ ತಿರುಗಿಸಿಕೊಂಡು ಆ 696ರ ಕೆಳಗೆ ಎರಡು ಗೆರೆ ಎಳೆದ. ಮಾತಾಡಲಿಲ್ಲ.

ಉಳಿದವು: ಪರ್ಸನಲ್ ಲೋನ್ 1,20,000, ಕಂತು 4,600. ಆ್ಯಪ್ ಸಾಲ 40,000, ಕಂತು 4,000. ಪಗಾರ 26,000. ಮನೆ ಖರ್ಚು 15,000 ಮತ್ತು ಅವ್ವನ ಬಂಗಾರದ ಸರ ಬೋರಮಾಳ ಅಡವಿಟ್ಟ ಸಾಲದ ಬಡ್ಡಿ 2,000 ಕಳೆದರೆ ಕೈಯಲ್ಲಿ 9,000. ಕಟ್ಟಬೇಕಾದದ್ದು 12,600. ಕಡಿಮೆ ಬಿದ್ದ 3,600ಕ್ಕೆ ಪ್ರತಿ ತಿಂಗಳೂ ಕೈಗಡ. ಬೋರಮಾಳದ ವಿಷಯ ನನಗೆ ಇವತ್ತೇ ಗೊತ್ತಾಗಿದ್ದು. ಬೈಯಬೇಕು ಅನ್ನಿಸಿತು. ಬಾಗಿಲ ಹತ್ತಿರ ಅವ್ವ ಇದ್ದಳು, ಸುಮ್ನಾದೆ.

ಇಂಗ್ಲೆಂಡ್‌ನಲ್ಲಿರುವ ಸೋದರಮಾವನ ಮಗ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಅಲ್ಲಿ 'ಡೆಟ್ ಮ್ಯಾನೇಜ್‌ಮೆಂಟ್ ಪ್ಲ್ಯಾನ್' ಅಂತ ಒಂದಿದೆ. ಮೊದಲು ಮನೆ ಬಾಡಿಗೆ, ಕರೆಂಟ್ ಬಿಲ್ಲಿನಂಥವನ್ನು ತೆಗೆದಿಡಬೇಕು. ಉಳಿದದ್ದನ್ನು ತಿಂಗಳಿಗೊಮ್ಮೆ ಒಂದೇ ಕಡೆ ಕೊಟ್ಟರೆ, ಅವರು ಸಾಲ ಕೊಟ್ಟವರಿಗೆಲ್ಲ ಬಾಕಿಗೆ ತಕ್ಕಂತೆ ಹಂಚುತ್ತಾರೆ. ಪುಕ್ಕಟೆ ಮಾಡಿಕೊಡುವ ಸೇವಾ ಸಂಸ್ಥೆಗಳಿವೆ, ಫೀ ತೆಗೆದುಕೊಳ್ಳುವ ಕಂಪನಿಗಳೂ ಇವೆ. ನಮ್ಮಲ್ಲಿ ಬ್ಯಾಂಕುಗಳ ಆರ್ಥಿಕ ಸಾಕ್ಷರತಾ ಕೇಂದ್ರಗಳು ಸಲಹೆ ಕೊಡುತ್ತವೆ, ಹಂಚುವ ಕೆಲಸ ನಾವೇ ಮಾಡಬೇಕು. ಸರಿ, ಹಂಚಿ ನೋಡಿದೆ. ಬೋರಮಾಳದ ಬಡ್ಡಿ ಮುಟ್ಟುವ ಹಾಗಿಲ್ಲ, ತಪ್ಪಿದರೆ ಬಂಗಾರ ಹರಾಜಿಗೆ ಹೋಗುತ್ತದೆ. 9,000ದಲ್ಲಿ ಕಾರ್ಡಿಗೆ 3,000, ಪರ್ಸನಲ್ ಲೋನ್‌ಗೆ 4,500, ಆ್ಯಪ್‌ಗೆ 1,500.

ಲೆಕ್ಕ ಚೆಂದ ಕೂತಿತು. ಆದರೆ ಕಾರ್ಡಿನ ಬಡ್ಡಿ, ಜಿಎಸ್‌ಟಿ ಸೇರಿದರೇ 3,304! 3,000 ಕಟ್ಟುತ್ತ ಹೋದರೆ ಸಾಲ ಬೆಳೆಯುತ್ತದೆ. ಅಲ್ಲಿಯ ಪ್ಲ್ಯಾನ್ ನಡೆಯುವುದು ಬಹಳ ಸಲ ಸಾಲ ಕೊಟ್ಟವರು ಬಡ್ಡಿ ನಿಲ್ಲಿಸಲು ಒಪ್ಪುವುದರಿಂದ. ಒಪ್ಪಲೇಬೇಕೆಂಬ ಕಾನೂನು ಅಲ್ಲೂ ಇಲ್ಲ. ಹಂಚುವ ಜಾಣತನಕ್ಕಿಂತ ಬಡ್ಡಿ ಇಳಿಸುವುದೇ ಮುಖ್ಯ ಅಂತ ನನಗೆ ಅರ್ಥವಾಗಿದ್ದು ಆಗ.

ಹಾಗಾದರೆ ಕಾರ್ಡಿನ ಬಾಕಿಯನ್ನು ಇಎಂಐಗೆ ಬದಲಾಯಿಸಿದರೆ? ವರ್ಷಕ್ಕೆ ಶೇ. 18ರಂತೆ ಎರಡು ವರ್ಷಕ್ಕೆ ಸಿಕ್ಕರೆ ಕಂತು ಎಷ್ಟು ಗೊತ್ತಾ? ಸುಮಾರು 3,994. ಈಗ ಕಟ್ಟುತ್ತಿರುವ ಅದೇ ನಾಲ್ಕು ಸಾವಿರ. ಬಡ್ಡಿ ಮೇಲಿನ ಜಿಎಸ್‌ಟಿ ಮೊದಲ ತಿಂಗಳು 216, ಆಮೇಲೆ ಇಳಿಯುತ್ತ ಹೋಗುತ್ತದೆ. ಎರಡೇ ವರ್ಷಕ್ಕೆ ಸಾಲ ಚುಕ್ತಾ. ಕಾರ್ಡ್ ಮಾತ್ರ ಮತ್ತೆ ಉಜ್ಜಬಾರದು.

ಇನ್ನು ಆ್ಯಪ್. ಹೋದ ತಿಂಗಳ ಕಂತು ತಪ್ಪಿದೆ. ಮುಂಜಾನೆ ಏಳೂವರೆಗೇ ವಸೂಲಿಯವರ ಫೋನ್ ಬಂದಿತ್ತಂತೆ. ಮುಂಜಾನೆ ಎಂಟರ ಒಳಗೆ, ಸಂಜೆ ಏಳರ ಮೇಲೆ ವಸೂಲಿಗೆ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ನಂಬರ್, ಟೈಮ್ ಬರೆದಿಡು ಎಂದೆ. "30,000 ಕೊಟ್ರ ಸೆಟಲ್ ಮಾಡ್ತೀವಿ ಅಂತಾರ, ಹತ್ ಸಾವಿರ ಉಳೀತೈತಲ್ಲ?" ಅಂತ ತಮ್ಮ ಆಸೆಪಟ್ಟ. ಹಾಗೆ ಮುಗಿಸಿದರೆ ನಮ್ಮ ಸಾಲದ ಚರಿತ್ರೆ ಇರುವ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಅಂತ ಬೀಳುತ್ತದೆ, ಪೂರ್ತಿ ತೀರಿಸಿದ 'ಕ್ಲೋಸ್ಡ್' ಅಲ್ಲ. ನಾಳೆ ಮನೆ ಸಾಲ ಕೇಳಲು ಹೋದಾಗ ಆ ಒಂದು ಪದವೇ ಅಡ್ಡ ಬರುತ್ತದೆ. ನನ್ನ ಭಿಶಿ (ಚೀಟಿ) ದುಡ್ಡು ಈ ತಿಂಗಳು ಬರುವುದಿದೆ, 40,000 ನಾನೇ ಕಟ್ಟುತ್ತೇನೆ ಎಂದುಬಿಟ್ಟೆ. ಆ ದುಡ್ಡಿಗೆ ಫ್ರಿಜ್ ಅಂತ ಮನೆಯಲ್ಲಿ ಮಾತಾಗಿತ್ತು. ಹೆಂಡತಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಅಲ್ವಾ?

ಕಾರ್ಡ್ ಕಂಪನಿಗೆ ತಮ್ಮನೇ ಫೋನ್ ಹಚ್ಚಿದ. ಸ್ಪೀಕರ್‌ನಲ್ಲಿ ಇಪ್ಪತ್ತು ನಿಮಿಷ ಅದೇ ಒಂದು ಟ್ಯೂನ್. ಅವ್ವ ಒಳಗಿನಿಂದ, "ಯಾರದೋ ಅದು ಫೋನು, ಊದಾಕ ಹತ್ತ್ಯಾರ?" ಎಂದಳು. ತಮ್ಮ ಬಹಳ ದಿನದ ಮೇಲೆ ನಕ್ಕ. ನಗುತ್ತಿದ್ದಾಗಲೇ ಆ ಕಡೆಯಿಂದ ಯಾರೋ "ಹಲೋ" ಅಂದರು.