ನವರಾತ್ರಿ ಕಳೆದ ಮೇಲೆ ರೇಸಿಗೆ: ಮಳೆಗಾಲ ದಾಟಿದ ಸೈಕಲ್ಲು, ಇಳಿಜಾರು ಮರೆತ ಕಾಲು

ಯುರೋಪಿನ ಸೈಕ್ಲಿಸ್ಟರಿಗೆ ರೇಸಿನ ಹಂಗಾಮು ವಸಂತದಲ್ಲಿ ತೆರೆದುಕೊಳ್ಳುತ್ತದೆ. 1907ರಲ್ಲಿ ಶುರುವಾದ ಮಿಲಾನ್–ಸಾನ್ ರೆಮೋ ಇಂದಿಗೂ ಮಾರ್ಚ್ ತಿಂಗಳ ರೇಸು. ಮಂಗಳೂರು, ಉಡುಪಿಯಲ್ಲಿ ಮಾರ್ಚ್ ಎಂದರೆ ಬೆವರು ಆರದ ಸೆಕೆ, ಹಂಗಾಮು ಮುಗಿಯುತ್ತಾ ಬರುವ ಹೊತ್ತು. ನಮ್ಮ ಸೈಕ್ಲಿಸ್ಟರೂ ಓಟಗಾರರೂ ರಸ್ತೆಗೂ ಗುಡ್ಡೆಗೂ ಮರಳುವುದು ನವರಾತ್ರಿಯ ಆಸುಪಾಸಿನಲ್ಲಿ, ಮಳೆ ಹಿಂದೆ ಸರಿದ ಮೇಲೆ. ಹಿಮದಿಂದ ಹೊರಬರುವವರಿಗೆ ಬರೆದ ತರಬೇತಿ ಪಟ್ಟಿಗಳು ಇಲ್ಲಿ ಅರ್ಧ ಮಾತ್ರ ಉಪಯೋಗ. ಅವರು ಚಳಿಯಿಂದ ಹಿತವಾದ ಬಿಸಿಲಿಗೆ ಬರುತ್ತಾರೆ, ನಾವು ನಾಲ್ಕು ತಿಂಗಳ ತೇವದಿಂದ ನೇರ ಸೆಕೆಗೆ ಬರುತ್ತೇವೆ.

ಮಳೆಗಾಲವಿಡೀ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೋ ಟ್ರೆಡ್‌ಮಿಲ್ ಮೇಲೋ ಕಳೆದವರ ಹೃದಯ, ಶ್ವಾಸಕೋಶ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಮೊದಲ ರೇಸಿನಲ್ಲಿ ಕೈಕೊಡುವುದು ಬೇರೆ ಮೂರು: ಬೇರಿಂಗಿನೊಳಗೆ ಕೂತ ನೀರು, ಇಳಿಜಾರು ಮರೆತ ತೊಡೆ, ಬೆವರಿನಲ್ಲಿ ಹೋದ ಉಪ್ಪು. ಮೂರೂ ಹೊರಗೆ ಕಾಣುವಂಥವಲ್ಲ.

ಮೊದಲು ಸೈಕಲ್ಲು. ಚೈನಿನ ಮೇಲಿನ ತುಕ್ಕು ಕಣ್ಣಿಗೆ ಬೀಳುತ್ತದೆ ಎಂದು ಎಲ್ಲರೂ ಅದನ್ನೇ ಉಜ್ಜುತ್ತಾರೆ. ಹೊರಗಿನ ತಗಡಿನ ತುಕ್ಕು ಅಷ್ಟು ದೊಡ್ಡ ಸಂಗತಿಯಲ್ಲ. ನೋಡಬೇಕಾದದ್ದು ಸವೆತವನ್ನು, ಬಿಗಿದುಕೊಂಡ ಕೊಂಡಿಗಳನ್ನು. ಸ್ಟೀಲ್ ಸ್ಕೇಲನ್ನು ಒಂದು ಪಿನ್ನಿನ ಮಧ್ಯಕ್ಕಿಟ್ಟು ಅಲ್ಲಿಂದ 24ನೇ ಪಿನ್ನಿನ ಮಧ್ಯಕ್ಕೆ ಅಳೆಯಿರಿ. ಹೊಸ ಚೈನಿನಲ್ಲಿ ಇದು 304.8 ಮಿ.ಮೀ. ಅಳತೆ 306.3 ದಾಟಿದ್ದರೆ ಶೇಕಡಾ 0.5ರಷ್ಟು ಸವೆದಿದೆ, 11, 12 ಸ್ಪೀಡಿನದ್ದಾದರೆ (ಹಿಂದೆ ಅಷ್ಟು ಹಲ್ಲುಚಕ್ರಗಳಿರುವುದು) ಬದಲಿಸಿ. 8ರಿಂದ 10 ಸ್ಪೀಡಿನವು 307ರವರೆಗೆ ತಡೆಯುತ್ತವೆ. 308ರ ಹತ್ತಿರ ಬಂದಿದ್ದರೆ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕೂಡ ಹೋಗಿರುತ್ತದೆ, ಹೊಸ ಚೈನು ಹಾಕಿದರೂ ಹಲ್ಲಿನ ಮೇಲೆ ಜಿಗಿಯುತ್ತದೆ. ಇಲ್ಲಿ ಚೈನು ಬೇಗ ಸವೆಯಲು ಕಾರಣ ಮುರಕಲ್ಲಿನ ಕೆಂಪು ಹುಡಿ. ಅದು ಎಣ್ಣೆಯೊಂದಿಗೆ ಕಲಸಿಕೊಂಡು ರೋಲರಿನೊಳಗೆ ಅರೆಯುತ್ತಲೇ ಇರುತ್ತದೆ. ಆದ್ದರಿಂದ ಕೊಳೆಯಾದ ಚೈನಿಗೆ ಮೇಲಿಂದ ಎಣ್ಣೆ ಬಿಡಬೇಡಿ. ತೊಳೆದು, ಪೂರ್ತಿ ಒಣಗಿಸಿ, ಪ್ರತಿ ರೋಲರಿಗೆ ಒಂದೇ ಹನಿ ಹಾಕಿ, ಒಂದೆರಡು ಗಂಟೆ ಬಿಟ್ಟು ಹೊರಗಿನದ್ದನ್ನು ಬಟ್ಟೆಯಿಂದ ಒರೆಸಿ.

ಬೇರಿಂಗಿಗೆ ಇದಕ್ಕಿಂತ ಹೆಚ್ಚು ಸಮಯ ಕೊಡಬೇಕು. ರಬ್ಬರ್ ಸೀಲ್ ನೀರನ್ನು ಹೊರಗಿಡುವಷ್ಟೇ ಚೆನ್ನಾಗಿ ಒಳಹೊಕ್ಕ ನೀರನ್ನು ಒಳಗೇ ಇಟ್ಟುಕೊಳ್ಳುತ್ತದೆ. ಚಕ್ರ ಕಳಚಿ, ಆಕ್ಸಲ್ಲಿನ ಎರಡು ತುದಿಗಳನ್ನು ಬೆರಳಿನಲ್ಲಿ ಹಿಡಿದು ನಿಧಾನ ತಿರುಗಿಸಿ. ಮರಳು ಸಿಕ್ಕಿದ ಹಾಗೆ ಕರಕರ ಎಂದರೆ ಕಾರ್ಟ್ರಿಡ್ಜ್ ಬೇರಿಂಗನ್ನು ಬದಲಿಸುವುದೇ ಸರಿ. ಗುಂಡುಗಳು ಬಿಡಿಯಾಗಿ ಕೂರುವ ಕಪ್–ಕೋನ್ ಹಬ್ (ಚಕ್ರದ ನಡುಭಾಗ) ಆದರೆ ಬಿಚ್ಚಿ, ಹಳೆ ಗ್ರೀಸ್ ಒರೆಸಿ, ಗುಂಡುಗಳನ್ನು ಬದಲಿಸಿ ಹೊಸ ಗ್ರೀಸ್ ತುಂಬಿ. ಎಲ್ಲರೂ ಮರೆಯುವುದು ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಕೀಲಿನ) ಕೆಳಗಿನ ಬೇರಿಂಗನ್ನು. ಮುಂದಿನ ಚಕ್ರ ಎರಚುವ ನೀರೆಲ್ಲ ಅಲ್ಲಿಗೇ ಹೋಗುತ್ತದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ಲನ್ನು ಮೆಲ್ಲಗೆ ಆಡಿಸಿದಾಗ ಅದು ನಡುವೆ ಬಂದು ಕಚ್ಚಿ ನಿಂತರೆ ಒಳಗೆ ಗುಳಿ ಬಿದ್ದಿದೆ ಎಂದರ್ಥ. ಘಾಟಿ ಇಳಿಯುವಾಗ ಸೈಕಲ್ಲು ನೇರ ಹೋಗದೆ ಸಣ್ಣಗೆ ಹೊಯ್ದಾಡುವುದಕ್ಕೆ ಇದೊಂದು ಮುಖ್ಯ ಕಾರಣ.

ಸೀಟ್‌ಪೋಸ್ಟ್ ಕಳಚಿ ಸೈಕಲ್ಲನ್ನು ತಲೆಕೆಳಗು ಮಾಡಿ. ಒಳಗೆ ನೀರಿದ್ದರೆ ಸುರಿಯುತ್ತದೆ. ಸ್ಟೀಲ್ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟ್ ಇದ್ದವರು ಇದನ್ನು ಮುಂದೂಡಲೇಬಾರದು. ಕಡಲಿನ ಉಪ್ಪು ಗಾಳಿ ಸೇರಿದಾಗ ಆ ಎರಡು ಲೋಹಗಳ ನಡುವೆ ಬಿಳಿ ಹುಡಿ ಬೆಳೆದು ಪೋಸ್ಟ್ ಅಲ್ಲೇ ಬೆಸೆದುಹೋಗುತ್ತದೆ. ಲೋಹಕ್ಕೆ ಗ್ರೀಸ್, ಕಾರ್ಬನ್ನಿಗೆ ಕಾರ್ಬನ್ ಪೇಸ್ಟ್. ಬಿಗಿ ಎಷ್ಟೆಂದು ಕ್ಲ್ಯಾಂಪಿನ ಮೇಲೆಯೇ ಬರೆದಿರುತ್ತದೆ, ಹೆಚ್ಚಿನವಕ್ಕೆ 5 ನ್ಯೂಟನ್ ಮೀಟರ್. ಮಲ್ಪೆಯಲ್ಲೋ ಮರವಂತೆಯಲ್ಲೋ ಮರಳಿನ ಮೇಲೆ ಓಡಿಸಿದ ದಿನ ಮನೆಗೆ ಬಂದ ಕೂಡಲೇ ಸಿಹಿನೀರು ಸುರಿದು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪೈಪು ಮಾತ್ರ ಬೇಡ, ಅದು ಸೀಲ್ ದಾಟಿಸಿ ನೀರು ತುಂಬುತ್ತದೆ.

ಡಿಸ್ಕ್ ಬ್ರೇಕಿನ ಪ್ಯಾಡಿನಲ್ಲಿ ಉಜ್ಜುವ ಭಾಗ 0.5 ಮಿ.ಮೀ.ಗೆ ಇಳಿದಿದ್ದರೆ ಬದಲಿಸಬೇಕು. ಶಿಮಾನೋ ಕಂಪನಿಯ ರೋಟರ್ (ಪ್ಯಾಡ್ ಹಿಡಿಯುವ ಲೋಹದ ತಟ್ಟೆ) ಹೊಸತಿರುವಾಗ 1.8 ಮಿ.ಮೀ. ದಪ್ಪ, 1.5ಕ್ಕೆ ಅದರ ಆಯುಷ್ಯ ಮುಗಿಯಿತು. ತುಕ್ಕಿಗೆಂದು ಹೊಡೆಯುವ ಸ್ಪ್ರೇ ರೋಟರಿನ ಹತ್ತಿರ ಸುಳಿಯಬಾರದು. ಒಮ್ಮೆ ಎಣ್ಣೆ ಕುಡಿದ ಪ್ಯಾಡ್ ಮತ್ತೆ ಸರಿಯಾಗುವುದು ಅಪರೂಪ. ಬ್ರೇಕಿನೊಳಗಿನ ದ್ರವ ಶಿಮಾನೋದಲ್ಲಿ ಮಿನರಲ್ ಆಯಿಲ್. ಡಾಟ್ ದ್ರವದ ಬ್ರೇಕಾದರೆ ಆ ದ್ರವ ಗಾಳಿಯ ತೇವವನ್ನೇ ಹೀರುತ್ತದೆ, ನಮ್ಮ ಮಳೆಗಾಲದ ನಂತರ ಬದಲಿಸಿಬಿಡಿ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಸೀಲ್‌ಗಳೇ ಹಾಳಾಗುತ್ತವೆ. ರಿಮ್ ಬ್ರೇಕಿನವರು ಪ್ಯಾಡಿನಲ್ಲಿ ಚುಚ್ಚಿಕೊಂಡ ಕಲ್ಲು, ಲೋಹದ ಚೂರುಗಳನ್ನು ಸೂಜಿಯಿಂದ ಕಿತ್ತರೆ ಸಾಕು. ಟ್ಯೂಬ್‌ಲೆಸ್ ಟೈರಿನ ಸೀಲೆಂಟ್ (ತೂತು ಮುಚ್ಚುವ ದ್ರವ) ಇಷ್ಟರಲ್ಲಿ ಒಣಗಿ ಪೊರೆಯಾಗಿರುತ್ತದೆ, 28–32 ಮಿ.ಮೀ. ಟೈರಿಗೆ ಹೊಸದಾಗಿ 40 ಮಿ.ಲೀ. ಬೇಕು.

ಇಷ್ಟು ಆಗುವ ಮೊದಲು ಸೋಮೇಶ್ವರ ದಾಟಿ ಆಗುಂಬೆಗೆ ಹೋಗಬೇಡಿ. ಹತ್ತುವುದಕ್ಕೇನೂ ಅಡ್ಡಿಯಿಲ್ಲ, ಕಷ್ಟವಿರುವುದು ಆ 14 ಹೇರ್‌ಪಿನ್ ತಿರುವುಗಳ ಇಳಿತದಲ್ಲಿ. ಬಿಸಿಲು ಬೀಳದ ಒಳಅಂಚಿನಲ್ಲಿ ಪಾಚಿ ಬಹುಕಾಲ ಉಳಿಯುತ್ತದೆ, ಎದುರಿಂದ ಬರುವ ಬಸ್ಸಿಗೆ ತಿರುವಿನ ಪೂರ್ತಿ ಅಗಲ ಬೇಕು. ಬ್ರೇಕು ತಿರುವಿಗೆ ಮುಂಚೆ, ಸೈಕಲ್ಲು ನೇರ ಇರುವಾಗಲೇ ಹಿಡಿಯಬೇಕು. ಉದ್ದಕ್ಕೂ ಸಣ್ಣಗೆ ಹಿಡಿದುಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ.

ಇನ್ನು ಓಡುವವರ ಮಾತು. ಶೂ ಕಪಾಟಿನಲ್ಲಿ ಬೂಷ್ಟು ಹಿಡಿದಿದ್ದರೆ ಒರೆಸಿ ಬಿಡಬಹುದು, ಆದರೆ ಅಟ್ಟೆಯನ್ನು ಕೈಯಲ್ಲಿ ಮಡಚಿ ಎಳೆದು ನೋಡಿ. ತೇವದಲ್ಲಿ ಅಂಟು ಸೋತಿರುತ್ತದೆ, ಅಟ್ಟೆ ಕಿತ್ತು ಬರುವುದು ಕಾಡಿನ ನಡುವೆಯೇ. ಒದ್ದೆ ಶೂವಿಗೆ ನ್ಯೂಸ್‌ಪೇಪರ್ ತುರುಕಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೋ ಒಲೆಯ ಬದಿಗೋ ಇಟ್ಟರೆ ಅಂಟೂ ಫೋಮೂ ಹಾಳು. ಒಣ ಮುರಕಲ್ಲಿನಷ್ಟು ಒಳ್ಳೆಯ ಹಿಡಿತ ಬೇರೆ ಕಲ್ಲಿಗಿಲ್ಲ. ಅದೇ ಕಲ್ಲು ಪಾಚಿ ಹೊತ್ತು ಒದ್ದೆಯಾಗಿದ್ದಾಗ 6 ಮಿ.ಮೀ. ಹಲ್ಲಿನ ಶೂ ಕೂಡ ನಿಲ್ಲದು. ಅಲ್ಲಿ ಹೆಜ್ಜೆ ಗಿಡ್ಡ ಮಾಡಿ, ಇಡೀ ಪಾದ ಊರಿ, ಬಣ್ಣ ನೋಡಿ ಓಡಬೇಕು: ಕೆಂಪು ಇದ್ದಲ್ಲಿ ಕಾಲಿಡಿ, ಕಪ್ಪು–ಹಸಿರು ಇದ್ದಲ್ಲಿ ಬೇಡ.

ಟ್ರೆಡ್‌ಮಿಲ್ ಏರು ಕೊಡುತ್ತದೆ, ಸಾಮಾನ್ಯವಾಗಿ ಇಳಿತ ಕೊಡುವುದಿಲ್ಲ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಆ ಅಭ್ಯಾಸ ತಪ್ಪಿದ ಕಾಲಿನಲ್ಲಿ ಮೊದಲ ದೊಡ್ಡ ಇಳಿತದ ಮರುದಿನ, ಮೂರನೇ ದಿನ ಮೆಟ್ಟಿಲಿಳಿಯಲೂ ಆಗದಷ್ಟು ನೋವು. ಒಳ್ಳೆಯ ಸುದ್ದಿ ಏನೆಂದರೆ ಸ್ನಾಯು ಇದನ್ನು ಬೇಗ ಕಲಿಯುತ್ತದೆ; ಒಂದು ಸಲದ ಇಳಿತವೇ ಮುಂದಿನ ಕೆಲವು ವಾರ ರಕ್ಷಣೆ ಕೊಡುತ್ತದೆ. ಮಣಿಪಾಲದಲ್ಲಿ ಸ್ವರ್ಣಾ ನದಿಯ ಕಡೆಗೆ ಇಳಿಯುವ ದಾರಿಗಳಾಗಲಿ, ಮಂಗಳೂರಿನ ಕದ್ರಿ ಗುಡ್ಡೆಯಾಗಲಿ ಸಾಕು. ಮೊದಲ ವಾರ 2 ನಿಮಿಷದ 4 ಇಳಿತ, ಮುಂದಿನ ವಾರ 6, ಆಮೇಲೆ 8. ಹತ್ತುವಾಗ ನಡೆಯಿರಿ, ಈ ತಾಲೀಮು ಇಳಿಯುವುದಕ್ಕೆ. ಕೊನೆಯ ಜೋರಿನ ಇಳಿತ ರೇಸಿಗೆ 10–14 ದಿನ ಮುಂಚೆ ಮುಗಿದಿರಲಿ. ಹಿಮ್ಮಡಿಯ ಸ್ನಾಯುರಜ್ಜು ಮಾತ್ರ ನಿಧಾನದ್ದು, ಹೃದಯದ ವೇಗಕ್ಕೆ ಅದು ಬಾರದು. ಅದಕ್ಕೆಂದು ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಇಳಿಸುವ ವ್ಯಾಯಾಮ, 15ರಂತೆ 3 ಸುತ್ತು, ದಿನವೂ ಮಾಡಿ. ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟಗಳಲ್ಲಿ ಉಸಿರು ಗಟ್ಟಿ ಇದ್ದವರನ್ನೂ ಕಾಲು ನಿಲ್ಲಿಸಿಬಿಡುತ್ತದೆ.

ಸೆಕೆಗೆ ದೇಹ ಹೊಂದಿಕೊಳ್ಳಲು 10–14 ದಿನ ಬೇಕು. ಮೊದಲ ಕೆಲವು ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಆಮೇಲೆ ಬೆವರು ಬೇಗ ಶುರುವಾಗಿ ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಇಲ್ಲಿನ ಗಾಳಿಯಲ್ಲಿ ಬೆವರು ಆರದೆ ಹನಿಯಾಗಿ ಬೀಳುತ್ತದೆ, ಹಾಗೆ ಬಿದ್ದ ಬೆವರು ಮೈ ತಂಪು ಮಾಡುವುದಿಲ್ಲ. ಹಾಗಾಗಿ ಮೊದಲೆರಡು ವಾರ ವಾಚಿನ ವೇಗ ನೋಡದೆ, ಮಾತಾಡಲು ಆಗುವಷ್ಟು ಉಸಿರಿನಲ್ಲೇ ಓಡಿ. ಒಂದು ಗಂಟೆಯ ಓಟದ ಮುಂಚೆ, ನಂತರ ಒಣ ಮೈಯಲ್ಲಿ ತೂಗಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ, ನಡುವೆ ಏನೂ ಕುಡಿಯದಿದ್ದಲ್ಲಿ, ಹೋದದ್ದು ಸುಮಾರು ಒಂದು ಲೀಟರ್ ಬೆವರು. ದೀರ್ಘ ಓಟದಲ್ಲಿ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಇಳಿದು ವಾಂತಿ, ಗೊಂದಲ ಶುರುವಾಗಬಹುದು. ಇದು ಅಪಾಯದ ಸ್ಥಿತಿ. ಲೀಟರಿಗೆ ಒಂದೂವರೆ ಗ್ರಾಂ ಉಪ್ಪು, ಅಂದರೆ ಕಾಲು ಟೀಚಮಚ, ಹಾಕಿದರೆ ಸುಮಾರು 600 ಮಿ.ಗ್ರಾಂ. ಸೋಡಿಯಂ ಸಿಗುತ್ತದೆ. ಬೊಂಡದಲ್ಲಿ (ಎಳನೀರಿನಲ್ಲಿ) ಪೊಟ್ಯಾಶಿಯಂ ಧಾರಾಳ, ಸೋಡಿಯಂ ಕಡಿಮೆ. ಚಿಟಿಕೆ ಉಪ್ಪು ಸೇರಿಸಿಯೇ ಕುಡಿಯಿರಿ. ಓಆರ್‌ಎಸ್ ಲೀಟರಿಗೆ 13.5 ಗ್ರಾಂ ಸಕ್ಕರೆಯನ್ನಷ್ಟೇ ಕೊಡುತ್ತದೆ, ಗಂಟೆಗೆ 60 ಗ್ರಾಂ ಬೇಕಾದಲ್ಲಿ ಅದನ್ನು ಊಟವೆಂದುಕೊಳ್ಳಬೇಡಿ. 200 ಕಿ.ಮೀ. ಬ್ರೆವೆಗೆ (ಕಾಲಮಿತಿಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ) 13 ಗಂಟೆ 30 ನಿಮಿಷ ಇರುತ್ತದೆ, ಬಾಳೆಹಣ್ಣು ನಿಂತು ತಿನ್ನಲು ಧಾರಾಳ ಸಮಯ. ನಡುವೆ ಬನ್ಸ್, ಗೋಳಿಬಜೆ ಬೇಡ, ಎಣ್ಣೆ ಹೊಟ್ಟೆಯಲ್ಲಿ ನಿಲ್ಲುತ್ತದೆ. ಮುಗಿಸಿ ಬಂದ ಮೇಲೆ ಉಪ್ಪು, ಉಪ್ಪಿನಕಾಯಿ ಜೊತೆ ಕುಚ್ಚಲಕ್ಕಿ ಗಂಜಿಗೆ ಸಮನಾದ ಡಬ್ಬಿಯ ಪಾನೀಯ ಯಾವುದೂ ಇಲ್ಲ.

ಘಟ್ಟದ ಕಾಡಿಗೆ ಹೋಗುವವರಿಗೆ ಇನ್ನೆರಡು ಮಾತು. ಕುದುರೆಮುಖ ಶಿಖರಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಉಂಬಳ ಕಚ್ಚಿದರೆ ಕಿತ್ತೆಳೆಯದೆ ಉಗುರಿನಿಂದ ಬಾಯಿಯ ಬುಡ ಸರಿಸಿ ಬಿಡಿಸಿ. ರಕ್ತ ಕೆಲಹೊತ್ತು ಸೋರುವುದು ಸಹಜ. ಕಾಲಿನಲ್ಲಿ ಗಾಯವಿದ್ದಾಗ ನಿಂತ ನೀರು ತುಳಿಯಬೇಡಿ, ಇಲಿಜ್ವರ ಬರುವುದು ಹಾಗೆಯೇ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಉಣುಗುಗಳಿಂದ ಹರಡುತ್ತದೆ. ಅದರ ಕಾಲ ಮಳೆ ಮುಗಿದ ಮೇಲಿನ ಒಣ ತಿಂಗಳುಗಳು, ಅಂದರೆ ನಮ್ಮ ಟ್ರೇಲ್ ಹಂಗಾಮೇ. ಉದ್ದ ಸಾಕ್ಸ್ ಹಾಕಿ, ತೆರೆದ ಚರ್ಮಕ್ಕೆ ಉಣುಗು ನಿವಾರಕ ಹಚ್ಚಿ, ಎಲೆರಾಶಿಯ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಮೈ ಪರೀಕ್ಷಿಸಿ. ಮಂಗ ಸತ್ತ ಸುದ್ದಿಯಿರುವ ಕಾಡಿನ ಕಡೆಗೆ ಹೋಗಲೇಬೇಡಿ. ಕಾಡಿನ ಓಟದ ನಂತರದ ಒಂದೆರಡು ವಾರಗಳಲ್ಲಿ ಜ್ವರ ಬಂದರೆ, ಎಲ್ಲಿ ಓಡಿದಿರಿ, ಯಾವ ದಿನ ಓಡಿದಿರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.