ಫ್ರಿಜ್ಜಿನೊಳಗೆ ಗಾಡಿ ಕೀ

ಯಾರದ್ದಾದರೂ ಮನೆಗೆ ಹೋದರೆ ನನಗೆ ಮೊದಲು ಕೇಳಿಸುವುದು ಫ್ರಿಜ್ಜಿನ ಸದ್ದು. ಆಮೇಲೆ ಫ್ಯಾನು. ಆಮೇಲೆ ಗೋಡೆ ಗಡಿಯಾರ. ಮನೆಯವರು ‘ಬನ್ನಿ, ಕೂತ್ಕೊಳ್ಳಿ’ ಅಂದದ್ದು ಕಿವಿಗೆ ಬೀಳುವುದು ಅದಾದ ಮೇಲೆ. ಈ ಚಾಳಿ ಅಂಟಿಕೊಂಡದ್ದು ಕಾಲೇಜಿನ ಕೊನೆಯ ವರ್ಷ, 11 ಪುಟದ ಒಂದು ಸ್ಕ್ರಿಪ್ಟಿನ ದೆಸೆಯಿಂದ.

ಕಾಲೇಜಿನ ನೆನಪಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ಮೇಷ್ಟ್ರುಗಳು, ಲೈಬ್ರರಿ, ಬೀಳ್ಕೊಡುಗೆ ಸಮಾರಂಭ ಎಲ್ಲ ಕಣ್ಮುಂದೆ ಬಂದವು. ಅವನ್ನು ಬೇರೆಯವರು ಬರೆದೇ ಬರೆಯುತ್ತಾರೆ. ನಾನು ಆ ಸ್ಕ್ರಿಪ್ಟಿನಿಂದ ನಾವು ಮಾಡಿದ ಸಿನಿಮಾದ ಬಗ್ಗೆ ಬರೆಯುತ್ತೇನೆ. ಸಿನಿಮಾ ಅಂದರೆ ದೊಡ್ಡ ಮಾತಾಯಿತು. ಒಂದು ಪುಟಕ್ಕೆ ಒಂದು ನಿಮಿಷ ಅಂತ ಲೆಕ್ಕ ಹಾಕಿ 11 ನಿಮಿಷ ಅಂದುಕೊಂಡಿದ್ದೆವು. ಮುಗಿದಾಗ 9 ನಿಮಿಷ ಇತ್ತು.

ಕಥೆ ಇಷ್ಟೇ. ಅಪ್ಪ, ಮಗಳು. ಬೆಳಗಾದರೆ ಮನೆ ಖಾಲಿ ಮಾಡಬೇಕು. ರಾತ್ರಿ ಸಾಮಾನು ಕಟ್ಟುತ್ತಾ ಕೂತಿದ್ದಾರೆ. ಒಂದೇ ಕೋಣೆ, ಎರಡೇ ಪಾತ್ರ. ಇಷ್ಟು ಸುಲಭದ ಕಥೆ ಇನ್ನೊಂದಿಲ್ಲ ಅಂತ ನಮ್ಮ ಬೆನ್ನು ನಾವೇ ತಟ್ಟಿಕೊಂಡಿದ್ದೆವು.

ಕೆಲಸ ಹಂಚುವಾಗ ಎಲ್ಲರಿಗೂ ನಿರ್ದೇಶನವೇ ಬೇಕು. ಅದು ಸಿಗದಿದ್ದರೆ ಕ್ಯಾಮೆರಾ. ಜಗಳ ಜಾಸ್ತಿಯಾಗಿ ಚೀಟಿ ಎತ್ತಿದೆವು. ನನಗೆ ಬಂದದ್ದು ‘ಸೌಂಡ್’. ಚೀಟಿ ಬಿಚ್ಚಿದಾಗ ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕರು. ಸೌಂಡ್ ಅಂದರೆ ಸುಮ್ನೆ ಕೋಲು ಹಿಡಿದು ನಿಲ್ಲುವುದು ಅಂತ ಅವರೆಲ್ಲ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ನಿಲ್ಲುವುದು ಎಷ್ಟು ಕಷ್ಟ ಅಂತ ಗೊತ್ತಾಗಲು ಅರ್ಧ ಗಂಟೆ ಸಾಕಾಯಿತು. ಬೂಮ್ ಕೋಲಿನ ತುದಿಯಲ್ಲಿ ಮೈಕು, ಮೈಕಿಗೊಂದು ಸ್ಪಂಜಿನ ಟೋಪಿ. ಎರಡೂ ಕೈ ನೆಟ್ಟಗೆ ಮೇಲೆತ್ತಿ, ಕೋಲನ್ನು ತಲೆಯ ಮೇಲೆ ಅಡ್ಡ ಹಿಡಿಯಬೇಕು. ಮೈಕು ಮಾತಾಡುವವರ ಬಾಯಿಯ ಕಡೆಗೇ ತಿರುಗಿರಬೇಕು. ಎರಡು ನಿಮಿಷಕ್ಕೆ ಭುಜ ಉರಿಯಲು ಶುರು. ಸ್ವಲ್ಪ ಇಳಿಸಿದರೆ ಕ್ಯಾಮೆರಾದವನು ‘ಮೈಕ್ ಫ್ರೇಮಲ್ಲಿದೆ’ ಅಂತ ಕೂಗುತ್ತಾನೆ. ಎತ್ತಿದರೆ ದನಿ ಬಾವಿಯೊಳಗಿಂದ ಬಂದ ಹಾಗಿರುತ್ತದೆ. ದೂರ ಎರಡರಷ್ಟಾದರೆ ಬಾಯಿಂದ ನೇರ ಬರುವ ದನಿ ಸುಮಾರು 6 ಡೆಸಿಬೆಲ್ ಇಳಿದುಬಿಡುತ್ತದೆ. ಗೋಡೆಗೆ ಬಡಿದು ಬರುವ ದನಿ ಮಾತ್ರ ಅಷ್ಟೇ ಇರುತ್ತದೆ. ನಮ್ಮದೋ ಸಾಮಾನು ಖಾಲಿ ಮಾಡಿದ ಕೋಣೆ. ಕೆಮ್ಮಿದರೂ ಗುಂಯ್ ಅನ್ನುತ್ತಿತ್ತು. ಕ್ಯಾಮೆರಾಕ್ಕೆ ಕಾಣದ ಮೂರು ಗೋಡೆಗೂ ಕಂಬಳಿ, ರಜಾಯಿ ನೇತು ಹಾಕಿದೆವು. ಕ್ಯಾಮೆರಾ ತಿರುಗಿಸಿದಾಗಲೆಲ್ಲ ಅವನ್ನು ಬಿಚ್ಚಿ ಇನ್ನೊಂದು ಕಡೆ ಕಟ್ಟುವುದೂ ನನ್ನದೇ ಕೆಲಸ.

ಮೊದಲ ದಿನ ಬೆಳಗ್ಗೆಯೇ ಒಂದು ಅನಾಹುತ ಮಾಡಿದೆ. ನಮ್ಮ ರೆಕಾರ್ಡರಿನಲ್ಲಿ ಕೆಂಪು ಗುಂಡಿಯನ್ನು ಒಂದು ಸಲ ಒತ್ತಿದರೆ ದೀಪ ಮಿಣಿಮಿಣಿ ಅನ್ನುತ್ತದೆ. ಅದು ಬರೀ ತಯಾರಿ. ಇನ್ನೊಂದು ಸಲ ಒತ್ತಿದರೆ ದೀಪ ಮಿನುಗದೆ ಉರಿಯುತ್ತದೆ, ರೆಕಾರ್ಡ್ ಆಗುವುದು ಆಗ. ತಯಾರಿಯಲ್ಲೂ ಹೆಡ್‌ಫೋನಿನಲ್ಲಿ ಎಲ್ಲ ಚೆನ್ನಾಗಿ ಕೇಳಿಸುತ್ತದೆ. ಹಾಗಾಗಿ ನಾಲ್ಕು ಟೇಕ್ ನಾನು ಕಣ್ಣು ಮುಚ್ಚಿ ಆನಂದವಾಗಿ ಕೇಳಿದೆ. ಒಂದೂ ಕಾರ್ಡಿನಲ್ಲಿ ಇರಲಿಲ್ಲ. ನಿರ್ದೇಶಕಿ ಬೈಯಲಿಲ್ಲ. ‘ಇನ್ಮೇಲೆ ನಂಬರ್ ಓಡ್ತಾ ಇದ್ಯಾ ನೋಡಿ ಹೇಳು’ ಅಂದಳು ಅಷ್ಟೇ. ಅವಳು ‘ಸೌಂಡ್?’ ಅಂತ ಕೇಳಿದಾಗ ಅಲ್ಲಿಯತನಕ ನಾನು ‘ರೋಲಿಂಗ್’ ಅಂತ ಅಭ್ಯಾಸಕ್ಕೆ ಹೇಳುತ್ತಿದ್ದೆ. ಅವತ್ತಿಂದ ಪರದೆ ನೋಡಿ, ಸೆಕೆಂಡು ಮೂರಕ್ಕೆ ಬಂದ ಮೇಲೆ ಹೇಳತೊಡಗಿದೆ.

ಇನ್ನು ಫ್ರಿಜ್ಜು. ಅದು ಪಕ್ಕದ ಕೋಣೆಯಲ್ಲಿತ್ತು. ಬರಿಗಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಹೆಡ್‌ಫೋನ್ ಹಾಕಿದರೆ ಜೇನುಗೂಡಿನೊಳಗೆ ಕೂತ ಹಾಗೆ. ಸರಿ, ಆರಿಸಿದೆವು. ಆರಿಸಿದ್ದನ್ನು ಮತ್ತೆ ಹಾಕಲು ಮರೆತರೆ ಶೂಟಿಂಗಿಗೆ ಮನೆ ಕೊಟ್ಟವರ ಸಾಮಾನೆಲ್ಲ ಕೆಟ್ಟುಹೋಗುತ್ತದೆ. ಇದಕ್ಕೆ ಸೌಂಡಿನವರ ಒಂದು ಹಳೇ ಉಪಾಯವಿದೆ, ನಮ್ಮ ಮೇಡಂ ಹೇಳಿಕೊಟ್ಟದ್ದು. ಫ್ರಿಜ್ ಆರಿಸಿದ ಕೂಡಲೇ ನಿಮ್ಮ ಗಾಡಿಯ ಕೀ ಅದರೊಳಗೆ ಇಡಿ. ಕೀ ಇಲ್ಲದೆ ಮನೆಗೆ ಹೋಗುವ ಹಾಗಿಲ್ಲ. ಕೀಗಾಗಿ ಬಾಗಿಲು ತೆಗೆದಾಗ ಒಳಗೆ ಕತ್ತಲು ಕಾಣುತ್ತದೆ, ನೆನಪಾಗುತ್ತದೆ.

ಎರಡು ದಿನ ಉಪಾಯ ಸರಿಯಾಗಿ ಕೆಲಸ ಮಾಡಿತು. ಮೂರನೇ ದಿನ ಮಳೆ. ನಾನು ಕ್ಯಾಮೆರಾದವನ ಕಾರಿನಲ್ಲಿ ಮನೆಗೆ ಹೋದೆ. ರಾತ್ರಿ ಹನ್ನೊಂದಕ್ಕೆ ಶೂಟಿಂಗ್ ಮನೆಯವರ ಫೋನ್ ಬಂತು. ‘ನಿಮ್ಮ ಕೀ ತಣ್ಣಗೂ ಆಗಿಲ್ಲ ಕಣಪ್ಪಾ.’ ಮುಂದಿನ ಮಾತು ಇಲ್ಲಿ ಬರೆಯುವಂಥದ್ದಲ್ಲ. ನನಗಿಂತ ಅವರು ಎಷ್ಟೋ ಒಳ್ಳೆಯವರು. ನಾಲ್ಕನೇ ದಿನವೂ ಮನೆ ಕೊಟ್ಟರು.

ಆ ಚಿತ್ರದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆ ಕೆಲಸ ಅಂದರೆ ನ್ಯೂಸ್‌ಪೇಪರಿನದು. ಅಪ್ಪ ಗಾಜಿನ ಲೋಟಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಾ ಮಾತಾಡುತ್ತಾನೆ. ಬರೆಯುವಾಗ ಚೆಂದವಾಗಿತ್ತು. ಶೂಟ್ ಮಾಡುವಾಗ ಪೇಪರಿನ ಪರಪರ ಸದ್ದಿಗೆ ಅಪ್ಪನ ಒಂದು ಮಾತೂ ಕೇಳಿಸಲಿಲ್ಲ. ನಮ್ಮ ಕಿವಿ ಬುದ್ಧಿವಂತ, ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಮೈಕಿಗೆ ಆ ಬುದ್ಧಿ ಇಲ್ಲ. ಮಾತೂ ಅದಕ್ಕೆ ಒಂದೇ, ಪೇಪರೂ ಒಂದೇ.

ಪೇಪರ್ ಬಿಟ್ಟು ಬಟ್ಟೆ ಸುತ್ತಿದರೆ ಆಗಲ್ವಾ ಅಂತ ಕೇಳಿದೆ. ಆಗಲ್ಲ ಅಂದಳು ನಿರ್ದೇಶಕಿ. ಹಳೇ ಪೇಪರಿನ ಮೇಲೆ ಅಪ್ಪನ ಕಣ್ಣು ಬಿದ್ದು, ಸುತ್ತುವುದನ್ನು ಬಿಟ್ಟು ಓದಲು ಶುರು ಮಾಡುವುದೇ ಆ ದೃಶ್ಯದ ಜೀವ. ನಾನು ಹಿತ್ತಲಿಗೆ ಹೋಗಿ ಪೇಪರ್ ಹಾಳೆಗಳನ್ನು ಕೈಯಲ್ಲಿ ಮುದುಡಿ ಮುದುಡಿ ನೋಡಿದೆ. ಹೊಸದು ಪರಪರ ಅನ್ನುತ್ತದೆ. ಹತ್ತಾರು ಸಲ ಮುದುಡಿ ಬಿಡಿಸಿದ್ದು ಸ್ವಲ್ಪ ಮೆತ್ತಗೆ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ಅಲ್ಲೇ ಇತ್ತು. ಎರಡು ಸಲ ಚಿಮುಕಿಸಿ, ಐದು ನಿಮಿಷ ಬಿಟ್ಟು ಸುತ್ತಿ ನೋಡಿದೆ. ಸದ್ದೇ ಇಲ್ಲ! ನೀರು ಜಾಸ್ತಿಯಾದರೆ ಹಾಳೆ ಹರಿಯುತ್ತದೆ, ಬಣ್ಣ ಕಪ್ಪಾಗುತ್ತದೆ. ಕಡಿಮೆಯಾದರೆ ಮತ್ತೆ ಪರಪರ. ಬಟ್ಟೆ ಇಸ್ತ್ರಿಗೆ ಮೊದಲು ಎಷ್ಟು ತೇವ ಇರುತ್ತದೋ ಅಷ್ಟು ಸರಿ. ನಲವತ್ತು ಹಾಳೆ ಹಾಗೆ ತಯಾರು ಮಾಡಿ ಒದ್ದೆ ಟವೆಲಿನಲ್ಲಿ ಸುತ್ತಿಟ್ಟೆ. ಆಮೇಲೆ ಗೊತ್ತಾಯಿತು, ಇದು ನನ್ನ ಕಂಡುಹಿಡಿತವೇನಲ್ಲ, ಸೆಟ್ಟಿನಲ್ಲಿ ಕಾಗದದ ಚೀಲಗಳಿಗೆ ಹೀಗೆ ನೀರು ಹೊಡೆಯುವುದು ಮಾಮೂಲಿ. ಆದರೂ ಆ ಮಧ್ಯಾಹ್ನದ ಖುಷಿ ನನ್ನದೇ.

ಆದರೆ ಪೇಪರ್ ಸದ್ದು ಪೂರ್ತಿ ಹೋದರೆ ನೋಡುವವರಿಗೆ ಏನೋ ಕಳೆದ ಹಾಗನ್ನಿಸುತ್ತದೆ. ಅದಕ್ಕೆ ರಾತ್ರಿ ಎಲ್ಲರೂ ಹೋದ ಮೇಲೆ ಒಣ ಪೇಪರ್ ಮೈಕಿನ ಹತ್ತಿರ ಹಿಡಿದು, ಶೂಟ್ ಮಾಡಿದ್ದರಲ್ಲಿ ಅಪ್ಪನ ಕೈ ಚಲನೆ ನೋಡುತ್ತಾ ನಾನೇ ಲೋಟ ಸುತ್ತಿದೆ. ಇದಕ್ಕೆ ಫೋಲಿ ಅನ್ನುತ್ತಾರೆ. ಎಡಿಟಿಂಗಿನಲ್ಲಿ ಅದನ್ನು ಬೇರೆ ಟ್ರ್ಯಾಕಿನಲ್ಲಿ ಹಾಕಿ, ಅಪ್ಪ ಮಾತಾಡುವಾಗ ಇಳಿಸಿ, ಸುಮ್ಮನಾದಾಗ ಏರಿಸಿದೆವು. ತೆರೆಯ ಮೇಲೆ ಅಪ್ಪ ಸುತ್ತುತ್ತಾನೆ, ಕೇಳಿಸುವುದು ನನ್ನ ಕೈ.

ಕ್ಯಾಮೆರಾದ ಪಾಠಗಳ ಬಗ್ಗೆ ಹೆಚ್ಚು ಹೇಳಲಾರೆ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಇದ್ದರೆ ಶಟರ್ 1/50 ಸೆಕೆಂಡಿಗೆ ಇಡಬೇಕು, ಮಾತಾಡುವ ಇಬ್ಬರ ನಡುವೆ ಒಂದು ಗೆರೆ ಎಳೆದುಕೊಂಡು ಅದರ ಒಂದೇ ಬದಿಯಲ್ಲಿ ಕ್ಯಾಮೆರಾ ನಿಲ್ಲಬೇಕು, ಇಲ್ಲವಾದರೆ ಇಬ್ಬರೂ ಒಂದೇ ಕಡೆ ನೋಡಿದ ಹಾಗಾಗುತ್ತದೆ. ಇಷ್ಟು ನನಗೂ ಗೊತ್ತಾಯಿತು. ಕ್ಯಾಮೆರಾದವನು ಅದನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುತ್ತಾನೆ. ಬರೆಯಲಿ, ಸೋಮಾರಿ.

ಈಗ ಹೇಳಲು ಮುಜುಗರವಾಗುವ ಸಂಗತಿ. ನಾಲ್ಕನೇ ದಿನ, ಅಪ್ಪ ಪೇಪರ್ ಓದುತ್ತಾ ಅಳುವ ದೃಶ್ಯ. ಆರು ಟೇಕ್ ಆಗಿತ್ತು. ಎಲ್ಲ ಸರಿ, ಆದರೆ ಅಳು ಬಂದಿರಲಿಲ್ಲ. ಏಳನೆಯದರಲ್ಲಿ ಬಂತು. ಮಾತಿನ ನಡುವೆ ಅವರ ಗಂಟಲು ಕಟ್ಟಿತು, ನನ್ನ ಹೆಡ್‌ಫೋನಿನಲ್ಲಿ ಅವರು ಎಂಜಲು ನುಂಗಿದ್ದೂ ಕೇಳಿಸಿತು. ಅದೇ ಹೊತ್ತಿಗೆ ದೂರದಲ್ಲಿ ಒಂದು ಸ್ಕೂಟರ್ ಕೂಡ ಕೇಳಿಸಿತು. ಸರಿಯಾಗಿ ‘ನಿಮ್ಮಮ್ಮ ಇದ್ದಿದ್ರೆ’ ಅನ್ನುವ ಮಾತಿನ ಅಡಿಯಲ್ಲಿ. ಕಟ್ ಅಂದ ಕೂಡಲೇ ಎಲ್ಲರೂ ಚಪ್ಪಾಳೆ ಹೊಡೆದರು. ನಿರ್ದೇಶಕಿ ಕಣ್ಣೊರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದಳು. ‘ಸೌಂಡ್ ಓಕೆನಾ?’

ನಾನು ‘ಓಕೆ’ ಅಂದೆ.

ಹತ್ತು ಜನ ಖುಷಿಯಲ್ಲಿದ್ದಾಗ ಕೋಲು ಹಿಡಿದವನೊಬ್ಬ ‘ಇಲ್ಲ, ಸರಿ ಬಂದಿಲ್ಲ’ ಅನ್ನುವುದು ಹೇಗೆ? ಸಣ್ಣ ಸದ್ದು, ಎಡಿಟಿಂಗಿನಲ್ಲಿ ತೆಗೆದರಾಯಿತು ಅಂದುಕೊಂಡೆ. ತೆಗೆಯಲಾಗಲಿಲ್ಲ. ದನಿ ಇರುವ ಕಡೆಯೇ ಸ್ಕೂಟರೂ ಕೂತಿತ್ತು. ಸ್ಕೂಟರ್ ಕೆರೆದರೆ ದನಿಯೂ ಕೆರೆದು ಬರುತ್ತಿತ್ತು, ತಗಡಿನ ಡಬ್ಬದಲ್ಲಿ ಮಾತಾಡಿದ ಹಾಗೆ.

ಎಡಿಟಿಂಗ್ ಮೇಜಿನ ಮುಂದೆ ಅವಳಿಗೆ ನಿಜ ಹೇಳಿದೆ. ಅವತ್ತೇ ಕೇಳಿಸಿತ್ತು ಅಂದೆ. ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ‘ನಿನ್ನ ಕಿವಿ ನಂಬಿ ನಾನು ಕೇಳಿದ್ದು ಕಣೋ’ ಅಂದಳು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಈಗ ನನ್ನ ಕೆಲಸಕ್ಕೂ ಸಿನಿಮಾಕ್ಕೂ ಸಂಬಂಧವಿಲ್ಲ. ದಿನವಿಡೀ ಅಂಕಿಅಂಶಗಳ ಜೊತೆ ಇರುತ್ತೇನೆ. ಆದರೆ ಮೀಟಿಂಗಿನಲ್ಲಿ ಎಲ್ಲರೂ ತಲೆ ಆಡಿಸುತ್ತಿರುವಾಗ, ಲೆಕ್ಕದಲ್ಲಿ ಎಲ್ಲೋ ಒಂದು ಸ್ಕೂಟರ್ ಹೋದ ಹಾಗನ್ನಿಸಿದರೆ ಕೈ ಎತ್ತುತ್ತೇನೆ. ಎಷ್ಟೋ ಸಲ ಅದು ನನ್ನ ಭ್ರಮೆಯಾಗಿರುತ್ತದೆ. ಸಹೋದ್ಯೋಗಿಗಳಿಗೆ ಬೇಜಾರಾಗುತ್ತದೆ. ಆಗಲಿ.

ಆ ಟೇಕ್ ಏನಾಯಿತು ಅಂದರೆ, ಎರಡನೇ ಟೇಕಿನ ಮಾತು ಎತ್ತಿ ಇದಕ್ಕೆ ಅಂಟಿಸಿದೆವು. ತುಟಿ ಹೊಂದಲಿಲ್ಲ. ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡು. ಎರಡು ಮೂರು ಫ್ರೇಮ್ ಆಚೀಚೆಯಾದರೆ ಕಣ್ಣಿಗೆ ಹೊಡೆಯುತ್ತದೆ. ಕೊನೆಗೆ ಆ ಒಂದು ಮಾತಿನ ಹೊತ್ತಿಗೆ ಅಪ್ಪನನ್ನು ತೋರಿಸದೆ ಮಗಳ ಮುಖ ತೋರಿಸಿದೆವು. ಅಪ್ಪನ ದನಿ, ಮಗಳ ಕಣ್ಣು. ನೋಡಿದವರಲ್ಲಿ ಹಲವರು ಅದನ್ನೇ ಎತ್ತಿ ಹೊಗಳಿದರು. ಯೋಚಿಸಿ ಮಾಡಿದ್ದು ಅಂದುಕೊಂಡರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕುಲೆಶೋವ್ ಪ್ರಯೋಗದ ಪಾಠ ತಲೆಗೆ ಹತ್ತಿದ್ದೂ ಅದೇ ವಾರ. 1920ರ ಸುಮಾರಿಗೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಒಬ್ಬ ಹೆಂಗಸು ಹೀಗೆ ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿದನಂತೆ. ಮುಖ ಬದಲಾಗದಿದ್ದರೂ ನೋಡಿದವರಿಗೆ ಒಮ್ಮೆ ಹಸಿವು, ಒಮ್ಮೆ ದುಃಖ, ಒಮ್ಮೆ ಆಸೆ ಕಂಡಿತಂತೆ. ತರಗತಿಯಲ್ಲಿ ಪರೀಕ್ಷೆಗೆ ಬರೆದು ಮರೆತಿದ್ದೆ. ನಮ್ಮ ಕೊನೆಯ ಶಾಟಿನಲ್ಲಿ ಅಪ್ಪ ಸುಮ್ಮನೆ ಬಾಗಿಲ ಕಡೆ ನೋಡುತ್ತಾನೆ. ಅದರ ಕೆಳಗೆ ಲಾರಿ ಹಾರ್ನ್ ಹಾಕಿದೆವು, ಅವನು ಹೆದರಿದ ಹಾಗೆ ಕಂಡಿತು. ಮಕ್ಕಳ ಆಟದ ಸದ್ದು ಹಾಕಿದೆವು, ಹಳೆಯದನ್ನು ನೆನೆಯುತ್ತಿರುವ ಹಾಗೆ ಕಂಡಿತು. ಏನೂ ಹಾಕದಿದ್ದರೆ ಮುದುಕನಾದ. ಕೊನೆಗೆ ಪಕ್ಕದ ಕೋಣೆಯಿಂದ ಬರುವ ಹಾಗೆ ಪೇಪರ್ ಸುತ್ತುವ ಸದ್ದು ಮೆಲ್ಲಗೆ ಹಾಕಿದೆವು. ಮಗಳು ಇನ್ನೂ ಕಟ್ಟುತ್ತಿದ್ದಾಳೆ. ಅಲ್ಲಿಗೆ ನಿಲ್ಲಿಸಿದೆವು.

ಸಿನಿಮಾ ಎಲ್ಲೂ ಬಹುಮಾನ ಪಡೆಯಲಿಲ್ಲ. ಅದರ ಒಂದು ಫೈಲ್ ಮಾತ್ರ ಈಗಲೂ ನನ್ನ ಹತ್ತಿರ ಎರಡು ಕಡೆ ಇದೆ. ಶೂಟಿಂಗ್ ಮುಗಿದ ಮೇಲೆ ಪ್ರತಿ ಜಾಗದ ಬರೀ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಬೇಕು, ರೂಮ್ ಟೋನ್ ಅನ್ನುತ್ತಾರೆ. ಮಾತು ಕತ್ತರಿಸಿದ ಕಡೆ ಬರೀ ಖಾಲಿ ಬಿಟ್ಟರೆ ಗುಂಡಿಗೆ ಬಿದ್ದ ಹಾಗೆ ಕೇಳಿಸುತ್ತದೆ, ಅಲ್ಲಿ ತುಂಬಲು ಇದು ಬೇಕು. ಕೊನೆಯ ದಿನ ಎಲ್ಲರಿಗೂ ಅಲ್ಲಾಡಬೇಡಿ ಅಂದೆ. ಹತ್ತು ಜನ ಕಂಬಳಿಗಳ ನಡುವೆ ಗೊಂಬೆಗಳ ಹಾಗೆ ನಿಂತರು. ಒಂದು ಗಂಟಲು ಸರಿ ಮಾಡಿಕೊಂಡ ಸದ್ದು. ದೂರದಲ್ಲಿ ಕಾಗೆ. 24ನೇ ಸೆಕೆಂಡಿಗೆ ಯಾರೋ ಮೂಗಿನಲ್ಲಿ ಕಿಸಕ್ ಅಂತ ನಗುತ್ತಾರೆ, ಆಮೇಲೆ ಎಲ್ಲರೂ.

ಹೋದ ತಿಂಗಳು ಅದನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೊದಲು ನಕ್ಕದ್ದು ಯಾರು ಅಂತ ಎರಡು ದಿನ ಜಗಳವಾಯಿತು. ಕ್ಯಾಮೆರಾದವನು ಅಪ್ಪನ ಪಾತ್ರಧಾರಿ ಅಂದ. ಅವರು ಲೈಟಿನವನು ಅಂದರು. ನಿರ್ದೇಶಕಿ ಮಾತ್ರ ಏನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಅವತ್ತು ಹೆಡ್‌ಫೋನ್ ಹಾಕಿಕೊಂಡಿದ್ದವನು ನಾನೊಬ್ಬನೇ.