ಹಾವು ಆಕಳಿಸಿದರೆ ಗಾಜಿನ ಈಚೆ ಏನಾಗುತ್ತದೆ

ನನ್ನದು ಮೃಗಾಲಯದಲ್ಲಿ ಹಾವು ನೋಡಿಕೊಳ್ಳುವ ಕೆಲಸ. ಈ ಕೆಲಸದಲ್ಲಿ ಜನರಿಗೆ ಗೊತ್ತಿಲ್ಲದ ಒಂದು ಕಷ್ಟವಿದೆ. ಹಾವು ಏನೂ ಮಾಡುವುದಿಲ್ಲ. ಬೆಳಿಗ್ಗೆ ಸುತ್ತಿಕೊಂಡು ಮಲಗಿದ ಹೆಬ್ಬಾವು ಸಂಜೆ ಬಾಗಿಲು ಹಾಕುವಾಗಲೂ ಅದೇ ಜಾಗದಲ್ಲಿ, ಅದೇ ಸುತ್ತಿನಲ್ಲಿ ಇರುತ್ತದೆ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಬಂದವರಿಗೆ ಬೇಜಾರಾಗೋದು ಸಹಜ. "ನಿಜವಾದ ಹಾವಾ ಇದು, ಪ್ಲಾಸ್ಟಿಕ್ಕಾ?" ಎಂದು ಕೇಳುತ್ತಾರೆ. ಕೆಲವರು ಗಾಜು ಬಡಿದು ನೋಡುತ್ತಾರೆ.

ಹಾಗಿರುವ ಹೆಬ್ಬಾವು ಒಂದು ದಿನ ಸುಮ್ನೆ ತಲೆ ಎತ್ತಿ ಬಾಯಿ ತೆರೆಯುತ್ತದೆ. ತೆರೆಯುತ್ತಲೇ ಹೋಗುತ್ತದೆ. ಇಷ್ಟು ಸಾಕು ಅಂತ ನಾವು ಅಂದುಕೊಂಡಲ್ಲಿ ನಿಲ್ಲುವುದಿಲ್ಲ, ಇನ್ನೂ ತೆರೆಯುತ್ತದೆ. ಒಳಗಿನ ನಸುಗೆಂಪು ಪೂರ್ತಿ ಕಾಣುತ್ತದೆ. ಕೆಳದವಡೆ ಒಂದು ಪಕ್ಕಕ್ಕೆ ಜಾರಿ, ಇನ್ನೊಂದು ಪಕ್ಕಕ್ಕೆ ಜಾರಿ, ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಕೆಲವೇ ಸೆಕೆಂಡಿನ ಮಾತು. ಅಷ್ಟರಲ್ಲಿ ಗಾಜಿನ ಈಚೆ ದೊಡ್ಡ ಗದ್ದಲ. ಮಕ್ಕಳನ್ನು ಎತ್ತಿಕೊಂಡು ಹಿಂದೆ ಸರಿಯುವವರು, ಫೋನ್ ಹುಡುಕುವವರು, ತಮಗೂ ಆಕಳಿಕೆ ಬಂದು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವವರು.

ಆಮೇಲೆ ಪ್ರಶ್ನೆಗಳು ಶುರು. ಹಸಿವಾಗಿದೆಯಾ? ನಮ್ಮನ್ನು ನೋಡಿ ಕೋಪ ಬಂತಾ? ನಿದ್ದೆ ಬಂದಿದೆಯಾ? ಒಮ್ಮೆ ಒಬ್ಬ ಹುಡುಗ, "ಅಂಕಲ್, ಅದಕ್ಕೆ ನಮ್ಮನ್ನ ನೋಡಿ ನೋಡಿ ಬೋರ್ ಆಗಿರಬೇಕು" ಎಂದ. ಸಿಕ್ಕ ಉತ್ತರಗಳಲ್ಲೆಲ್ಲ ನನಗೆ ಇಷ್ಟವಾದದ್ದು ಇದೇ. ತಪ್ಪು ಉತ್ತರ, ಆದರೂ ಹಾವಿನ ಕಡೆಯಿಂದ ಯೋಚಿಸಿದ್ದಾನಲ್ವಾ! ದೊಡ್ಡವರು ಸಾಮಾನ್ಯವಾಗಿ ಅಷ್ಟೂ ಯೋಚಿಸುವುದಿಲ್ಲ. "ನಿಮ್ಮನ್ನ ಅಳತೆ ತಗೋತಾ ಇದೆ, ನುಂಗೋಕೆ" ಎಂದು ಪಕ್ಕದಲ್ಲಿದ್ದವರನ್ನು ಹೆದರಿಸುತ್ತಾರೆ. ಹಾವು ಹಾಗೆಲ್ಲ ಯಾರ ಅಳತೆಯನ್ನೂ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಬಾಯಿ ಯಾಕೆ ತೆರೆಯಿತು? ಇದಕ್ಕೆ ಅದರ ದವಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ನಮ್ಮ ಕೆಳದವಡೆ ಗದ್ದದ ಹತ್ತಿರ ಕೂಡಿಕೊಂಡು ಒಂದೇ ಮೂಳೆಯಾಗಿರುತ್ತದೆ. ಹಾವಿನದು ಎರಡು ಬೇರೆ ಬೇರೆ ತುಂಡು. ಮುಂದೆ ಅವನ್ನು ಹಿಡಿದಿರುವುದು ಎಳೆದರೆ ಹಿಗ್ಗುವ ಒಂದು ಪಟ್ಟಿ ಮಾತ್ರ. ಹಿಂದೆ, ದವಡೆ ತಲೆಬುರುಡೆಗೆ ನೇರವಾಗಿ ಕೂಡಿಲ್ಲ. ನಡುವೆ ಕ್ವಾಡ್ರೇಟ್ ಎಂಬ ಮೂಳೆಯಿದೆ, ಅದೂ ಸಡಿಲ. ಮೇಲ್ದವಡೆಯ ಮೂಳೆಗಳೂ ಅಲುಗಾಡುತ್ತವೆ. ಹಲ್ಲುಗಳು ಮೇಲೆ ನಾಲ್ಕು ಸಾಲು, ಕೆಳಗೆ ಎರಡು ಸಾಲು, ಎಲ್ಲವೂ ಗಂಟಲಿನ ಕಡೆಗೆ ಬಾಗಿರುತ್ತವೆ. ಇಲಿಯನ್ನು ನುಂಗುವಾಗ ಹಾವು ಎಡಭಾಗದ ಹಲ್ಲನ್ನು ಬಿಡಿಸಿ ಮುಂದಕ್ಕೆ ಸರಿಸುತ್ತದೆ, ಊರುತ್ತದೆ, ಆಮೇಲೆ ಬಲಭಾಗ. ಹೀಗೆ ತನ್ನ ತಲೆಯನ್ನೇ ಇಲಿಯ ಮೇಲೆ ನಡೆಸಿಕೊಂಡು ಹೋಗುತ್ತದೆ. ಇಲಿ ಒಳಗೆ ಹೋಯಿತು ಅನ್ನುವುದಕ್ಕಿಂತ ಹಾವು ಇಲಿಯ ಮೇಲೆ ಹತ್ತಿತು ಅನ್ನುವುದೇ ಸರಿ.

"ಹಾವು ದವಡೆಯ ಕೀಲು ತಪ್ಪಿಸಿಕೊಂಡು ನುಂಗುತ್ತದೆ" ಎಂದು ಬಹಳ ಜನ ನಂಬಿದ್ದಾರೆ. ಟಿವಿಯವರೂ ಹೇಳುತ್ತಾರೆ. ಕೀಲು ತಪ್ಪುವುದಿಲ್ಲ. ಎಲ್ಲ ಕೀಲೂ ತನ್ನ ಜಾಗದಲ್ಲೇ ಇರುತ್ತದೆ. ಅಲ್ಲಾಡುವ ಕೀಲುಗಳು ನಮಗಿಂತ ಜಾಸ್ತಿ, ಅಷ್ಟೇ.

ಇಷ್ಟೆಲ್ಲ ಸಡಿಲ ಇದ್ದಮೇಲೆ ದೊಡ್ಡ ತುತ್ತು ನುಂಗಿದ ಹಾವಿನ ಬಾಯಿ ಕೂಡಲೇ ಮೊದಲಿನಂತೆ ಕೂರುವುದಿಲ್ಲ. ಮುಖ ಸ್ವಲ್ಪ ಓರೆಯಾಗಿ, ತುಟಿಯ ಅಂಚು ಒಂದು ಕಡೆ ಎದ್ದುಕೊಂಡಂತೆ ಕಾಣುತ್ತದೆ. ಆಗ ಬಾಯಿ ಅಗಲಿಸಿ, ಒಂದೊಂದು ಭಾಗವನ್ನೂ ಅಲ್ಲಾಡಿಸಿ, ಜಾಗಕ್ಕೆ ತಂದುಕೊಳ್ಳುತ್ತದೆ. ಇಕ್ಕಟ್ಟಾದ ಅಂಗಿ ತೊಟ್ಟವರು ಭುಜ ಕುಣಿಸಿ ಸರಿಮಾಡಿಕೊಳ್ಳುವುದಿಲ್ಲವೇ, ಹಾಗೆ. ಒಂದು ಸಲಕ್ಕೆ ಆಗದಿದ್ದರೆ ಮತ್ತೆ ತೆರೆಯುತ್ತದೆ. ಕೆಲವು ಹಾವು ಅದರ ಜೊತೆಗೆ ಮುಖವನ್ನು ನೆಲಕ್ಕೋ ಕಟ್ಟಿಗೆಗೋ ಉಜ್ಜುತ್ತವೆ. ಹಾಗಾಗಿ "ಹಸಿವಾಗಿದೆಯಾ" ಎಂದು ಕೇಳಿದವರಿಗೆ ನಾನು ಎಷ್ಟೋ ಸಲ "ಇಲ್ಲ, ಈಗ ತಾನೇ ಊಟ ಆಯ್ತು" ಎಂದೇ ಹೇಳಬೇಕಾಗುತ್ತದೆ.

ಹಾವು ಆಕಳಿಸುವಾಗ ಎದುರಿಗೇ ನಿಂತಿದ್ದರೆ ಕಣ್ಣು ತಪ್ಪಿಸಬೇಡಿ. ಕೆಳದವಡೆಯ ನಡುವೆ, ನಾಲಿಗೆಯ ಒರೆಯ ಹಿಂದೆ, ಒಂದು ಚಿಕ್ಕ ಕೊಳವೆಯ ಬಾಯಿ ಕಾಣುತ್ತದೆ. ತೆರೆದು ಮುಚ್ಚುತ್ತಿರುತ್ತದೆ. ಅದು ಶ್ವಾಸನಾಳ. ದೊಡ್ಡ ತುತ್ತು ಬಾಯಿ ತುಂಬಿದ್ದಾಗ ಹಾವು ಈ ಕೊಳವೆಯನ್ನು ಮುಂದಕ್ಕೆ ಚಾಚಿ ಉಸಿರಾಡುತ್ತದೆ. ನೋಡಿದವರು ಸಾಮಾನ್ಯವಾಗಿ ಅದನ್ನೇ ಗಂಟಲು ಅಂದುಕೊಳ್ಳುತ್ತಾರೆ. ಮಂಡಲದ ಜಾತಿಯ ಹಾವಾದರೆ ಇನ್ನೊಂದು ದೃಶ್ಯವಿದೆ. ಮೇಲೆ ಮಡಚಿಟ್ಟ ವಿಷದ ಹಲ್ಲು ಪೊರೆಯ ಸಮೇತ ಕೆಳಗಿಳಿಯುತ್ತದೆ, ಕೆಲವೊಮ್ಮೆ ಮೊದಲು ಒಂದು, ಆಮೇಲೆ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಆಡಿಸಲು ಬರುತ್ತದೆ ಅನ್ನುವುದು ಆಗ ಕಣ್ಣಿಗೇ ಕಾಣುತ್ತದೆ. ಇಷ್ಟೆಲ್ಲ ನಡೆಯುವಾಗ ಹಾವಿನ ಕಣ್ಣು ಮಾತ್ರ ಪೂರ್ತಿ ತೆರೆದೇ ಇರುತ್ತದೆ. ರೆಪ್ಪೆಯೇ ಇಲ್ಲವಲ್ಲ, ಮುಚ್ಚುವುದೇನನ್ನು? ಫೋಟೋದಲ್ಲಿ ಅದು ಕಿರುಚುತ್ತಿರುವಂತೆ, ಇಲ್ಲವೇ ಜೋರಾಗಿ ನಗುತ್ತಿರುವಂತೆ ಕಾಣುವುದು ಇದೇ ಕಾರಣಕ್ಕೆ.

ಊಟವೇ ಕಾರಣ ಅಂತ ಎಲ್ಲ ಸಲವೂ ಹೇಳಲಾಗದು. ಹೊಟ್ಟೆ ಖಾಲಿಯಿದ್ದಾಗಲೂ ಹಾವು ಆಕಳಿಸುತ್ತದೆ. ಬಹಳ ಹೊತ್ತು ಅಲುಗಾಡದೆ ಇದ್ದು ಹೊರಡುವ ಮುಂಚೆ ಒಮ್ಮೆ. ಊಟದ ದಿನ ಇಲಿಯ ವಾಸನೆ ಬಂದಾಗ ಒಮ್ಮೆ. ಹಾವಿನ ಬಾಯಿಯ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ಜೇಕಬ್‌ಸನ್ ಅಂಗವಿದೆ. ನಾಲಿಗೆ ಆಡಿಸಿ ತಂದ ಕಣಗಳು ಅಲ್ಲಿಗೇ ತಲುಪುತ್ತವೆ. ಬಾಯಿ ತೆರೆಯುವುದಕ್ಕೂ ವಾಸನೆ ತಿಳಿಯುವುದಕ್ಕೂ ನಂಟಿದೆ ಎಂದು ಬುಡುಬುಡಿಕೆ ಹಾವುಗಳನ್ನು, ಅಂದರೆ ರ‍್ಯಾಟಲ್‌ಸ್ನೇಕ್‌ಗಳನ್ನು ಗಮನಿಸಿದವರು ಹೇಳಿದ್ದಾರೆ. ಆದರೆ ನಿದ್ದೆ, ಬೇಜಾರು, ಇನ್ನೊಬ್ಬರು ಆಕಳಿಸಿದ್ದು, ಇವು ನಮ್ಮ ಕಾರಣಗಳು. ಹಾವಿಗೆ ನಮ್ಮಂತೆ ವಪೆಯೂ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯುವೂ ಇಲ್ಲ, ಪಕ್ಕೆಲುಬು ಆಡಿಸಿ ಉಸಿರಾಡುತ್ತದೆ. ಒಂದು ದೊಡ್ಡ ಉಸಿರು ಎಳೆದುಕೊಳ್ಳಲು ಬಾಯಿ ಅಗಲಿಸಬೇಕಾಗಿಲ್ಲ.

ಆಕಳಿಕೆ ಅಂಟುವ ವಿಷಯಕ್ಕೆ ಬಂದರೆ, ಕೆಂಪುಕಾಲಿನ ಆಮೆಗಳ ಮೇಲೆ ಒಂದು ಪ್ರಯೋಗ ನಡೆದಿದೆ. ಅಲೆಕ್ಸಾಂಡ್ರಾ ಎಂಬ ಆಮೆಗೆ ಆಕಳಿಸಿದಂತೆ ಬಾಯಿ ತೆರೆಯುವುದನ್ನು ಕಲಿಸಿ, ಉಳಿದ ಆಮೆಗಳಿಗೆ ತೋರಿಸಿದರು. ಒಂದಕ್ಕೂ ಅಂಟಲಿಲ್ಲ. ಆ ಕೆಲಸಕ್ಕೆ 2011ರಲ್ಲಿ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಆಮೆಗೆ ಆಕಳಿಕೆ ಕಲಿಸುತ್ತಾ ಕೂತವರ ತಾಳ್ಮೆಗೆ ಇನ್ನೊಂದು ಬಹುಮಾನ ಕೊಡಬಹುದಿತ್ತು.

ಈಗ ಭಯದ ವಿಷಯ. ಬಾಯಿ ತೆರೆದು ಹೆದರಿಸುವ ಹಾವುಗಳೂ ಇವೆ. ಅಮೆರಿಕದ ಕಾಟನ್‌ಮೌತ್ ಬಾಯಿ ಅಗಲಿಸಿ ಹತ್ತಿಯಂಥ ಬಿಳಿ ಬಣ್ಣ ತೋರಿಸುತ್ತದೆ, ಹೆಸರು ಬಂದದ್ದೇ ಅದರಿಂದ. ಆಫ್ರಿಕಾದ ಬ್ಲ್ಯಾಕ್ ಮಾಂಬಾದ ಮೈ ಬೂದು ಅಥವಾ ಕಂದು. ಕಪ್ಪಗಿರುವುದು ಬಾಯಿಯ ಒಳಗೆ, ಅದನ್ನೇ ತೋರಿಸಿ ಎಚ್ಚರಿಸುತ್ತದೆ. ಹಸಿರು ಹಾವೂ ಕೆಣಕಿದರೆ ಬಾಯಿ ತೆರೆದು ನಿಲ್ಲುತ್ತದೆ. ಇವುಗಳನ್ನು ಆಕಳಿಕೆಯಿಂದ ಬೇರೆ ಮಾಡಿ ಗುರುತಿಸುವುದು ಕಷ್ಟವಲ್ಲ, ಬಾಯಿ ಬಿಟ್ಟು ಉಳಿದ ಮೈ ನೋಡಿದರೆ. ಹೆದರಿಸುವ ಹಾವು ಸುತ್ತು ಬಿಗಿ ಮಾಡಿರುತ್ತದೆ, ಕತ್ತನ್ನು ಹಿಂದಕ್ಕೆ ಎಳೆದುಕೊಂಡಿರುತ್ತದೆ, ನೀವು ಸರಿದ ಕಡೆಗೆ ತಲೆ ತಿರುಗಿಸುತ್ತದೆ, ಬಾಯಿ ತೆರೆದೇ ಇಟ್ಟುಕೊಳ್ಳುತ್ತದೆ. ಆಕಳಿಸುವ ಹಾವಿಗೆ ಎದುರು ಯಾರಿದ್ದಾರೆ ಅನ್ನುವುದೇ ಬೇಕಿಲ್ಲ. ಮೈ ಸಡಿಲ. ಬಾಯಿ ಮುಚ್ಚಿ, ಎರಡು ಸಲ ನಾಲಿಗೆ ಆಡಿಸಿ, ತನ್ನ ಪಾಡಿಗೆ ತಾನು ಮಲಗುತ್ತದೆ.

ಕಚ್ಚುವ ಹಾವು ನಿಧಾನವಾಗಿ ಬಾಯಿ ತೆರೆದು ತೋರಿಸುವುದಿಲ್ಲ ಅನ್ನುವುದನ್ನೂ ಹೊಸಬರಿಗೆ ಹೇಳಬೇಕಾಗುತ್ತದೆ. ಎರಗುವಾಗ ಬಾಯಿ ತೆರೆಯುವುದು ದಾರಿಯಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ. ಆದ್ದರಿಂದ ಕೆಲಸಕ್ಕೆ ಹೊಸದಾಗಿ ಸೇರಿದವರು ಆಕಳಿಕೆ ಕಂಡು ಬೆಚ್ಚಿ ಬಿದ್ದರೆ ನಾವು ನಗುತ್ತೇವೆ. ಬಾಗಿಲು ತೆರೆದ ಕೂಡಲೇ ಹಾವು ತಲೆ ಎತ್ತಿ, ಬಾಯಿ ಮುಚ್ಚಿಕೊಂಡೇ ಅವರ ಕೈಯನ್ನು ಹಿಂಬಾಲಿಸುವಾಗ ಅವರು ಗಮನಿಸದಿದ್ದರೆ ನಗುವುದಿಲ್ಲ. ಬಾಗಿಲು ಮುಚ್ಚಿಸುತ್ತೇವೆ. ಅದು ಊಟಕ್ಕೆ ಕಾಯುತ್ತಿರುವ ಹಾವು. ಮೊದಲು ಉದ್ದ ಕೊಕ್ಕೆಯಿಂದ ಮೈ ಮುಟ್ಟಿ, ಇದು ಊಟವಲ್ಲ ಅಂತ ತಿಳಿಸಿ, ಆಮೇಲೆ ಒಳಗೆ ಕೈ ಹಾಕಬೇಕು. ಇನ್ನು ಊಟ ಮಾಡಿದ ಹಾವನ್ನು ಒಂದೆರಡು ದಿನ ಎತ್ತುವುದೇ ಇಲ್ಲ. ಎತ್ತಿದರೆ ಕಕ್ಕಿಬಿಡಬಹುದು. ಒಳಗೂ ಅದಕ್ಕೆ ಕೈತುಂಬ ಕೆಲಸ. ಬರ್ಮೀಸ್ ಹೆಬ್ಬಾವಿನ ಹೃದಯ ದೊಡ್ಡ ಊಟವಾದ ಎರಡೇ ದಿನದಲ್ಲಿ ಸುಮಾರು 40% ಬೆಳೆಯುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಇಷ್ಟು ಹೇಳಿದ ಮೇಲೆ "ಸರಿ, ಬಾಯಿ ತೆರೆದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ" ಎಂದು ನೀವು ಅಂದುಕೊಂಡರೆ ನನ್ನ ಕೆಲಸ ಕೆಟ್ಟಿತು. ಜನ ಹೆದರುವ ಆಕಳಿಕೆಗೆ ನಾನು ಹೆದರುವುದಿಲ್ಲ. ಜನ "ಎಷ್ಟು ಮುದ್ದಾಗಿದೆ" ಅನ್ನುವ ಕೆಲವು ಆಕಳಿಕೆಗೆ ಹೆದರುತ್ತೇನೆ.

ಆರೋಗ್ಯವಾಗಿರುವ ಹಾವು ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರಾಡುತ್ತದೆ. ಗೂಡು ತಣ್ಣಗಾಗಿದ್ದರೆ, ತೇವ ಹೆಚ್ಚುಕಡಿಮೆಯಾಗಿದ್ದರೆ, ಕೊಳಕು ಉಳಿದಿದ್ದರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಹಾವಿಗೆ ನಮ್ಮ ಹಾಗೆ ಜೋರಾಗಿ ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ಕಫ ಒಳಗೇ ನಿಲ್ಲುತ್ತದೆ. ಆಗ ಮೂತಿಯನ್ನು ಮೇಲಕ್ಕೆ ಎತ್ತಿ ಇಟ್ಟುಕೊಳ್ಳುತ್ತದೆ, ಬಾಯಿ ಆಗಾಗ ತೆರೆಯುತ್ತದೆ, ಉಸಿರಿನಲ್ಲಿ ಸಣ್ಣ ಸೀಟಿಯಂಥ ಅಥವಾ ಚಟಪಟ ಸದ್ದು ಬರುತ್ತದೆ. ಮೂಗಿನ ಹತ್ತಿರ ನೊರೆಗುಳ್ಳೆ ಕಾಣಬಹುದು. ಬಾಯಿಯೊಳಗೆ ಹುಣ್ಣಾಗಿದ್ದರೂ ಬಾಯಿ ಸರಿಯಾಗಿ ಮುಚ್ಚುವುದಿಲ್ಲ, ವಸಡು ಕೆಂಪಾಗಿ ಮೊಸರಿನಂಥ ಕೀವು ಕಟ್ಟಿರುತ್ತದೆ. ಗಾಜಿನ ಈಚೆಯಿಂದ ಇವೆಲ್ಲ ಕಾಣುವುದು ಆಕಳಿಕೆಯಾಗಿಯೇ.

ನಮ್ಮಲ್ಲಿ ಪ್ರತಿ ಹಾವಿಗೂ ದಾಖಲೆಯ ಪುಟವಿದೆ. ಅದರಲ್ಲಿ "ಕೋಪದಲ್ಲಿತ್ತು", "ಸುಸ್ತಾಗಿತ್ತು", "ಬೇಜಾರಿನಲ್ಲಿದೆ" ಎಂದು ಯಾರಾದರೂ ಬರೆದರೆ ನಾನು ಒಂದು ಗೆರೆ ಎಳೆದು ವಾಪಸ್ ಕೊಡುತ್ತೇನೆ. ಏನು ನೋಡಿದಿರೋ ಅದನ್ನು ಬರೆಯಿರಿ. "ಬೆಳಿಗ್ಗೆ ಎರಡು ಸಲ ಬಾಯಿ ತೆರೆಯಿತು. ಸದ್ದಿಲ್ಲ, ಲೋಳೆ ಇಲ್ಲ. ನಿನ್ನೆ ಮೊಲ ತಿಂದಿದೆ." ಇಷ್ಟು ಸಾಕು. ಹೊಸಬರಿಗೆ ಇದು ಕಿರಿಕಿರಿ ಅನ್ನಿಸುತ್ತದೆ. ಕೋಪ ಬಂದದ್ದು ಕಂಡಿತಲ್ಲ ಸಾರ್, ಬರೆದರೇನು ತಪ್ಪು ಎಂದು ವಾದಿಸುತ್ತಾರೆ.

ಅವರಿಗೆ ನಾನು ಒಂದು ಚಿಕ್ಕ ಹೆಬ್ಬಾವಿನ ಪುಟ ತೋರಿಸುತ್ತೇನೆ. ಪೊರೆ ಬಿಡುವ ಸಮಯವಾದ್ದರಿಂದ ಅದು ಊಟ ಬಿಟ್ಟಿತ್ತು. ಬೆಳಗಿನ ಶಿಫ್ಟಿನವರು ಒಂದು ಸಲ ಬಾಯಿ ತೆರೆದದ್ದನ್ನು ನೋಡಿ ಬರೆದಿದ್ದರು. ಮಧ್ಯಾಹ್ನದವರು ಒಂದು ಸಲ. ರಾತ್ರಿ ಸುತ್ತು ಹೋದವರು ಒಂದು ಸಲ, ಜೊತೆಗೆ "ತಲೆ ಗೋಡೆಗೆ ಒರಗಿಸಿ ಮೇಲೆತ್ತಿತ್ತು" ಎಂದು ಸೇರಿಸಿದ್ದರು. ಒಬ್ಬೊಬ್ಬರು ನೋಡಿದ್ದು ಒಂದೊಂದೇ ಆಕಳಿಕೆ, ಯಾರಿಗೂ ಗಾಬರಿಯಾಗುವಂಥದ್ದಲ್ಲ. ಪುಟದಲ್ಲಿ ಒಂದರ ಕೆಳಗೆ ಒಂದು ಬಂದಾಗ ಲೆಕ್ಕ ಬೇರೆಯಾಯಿತು. ಡಾಕ್ಟರ್ ಬಂದು ಎದೆಯ ಭಾಗಕ್ಕೆ ಕಿವಿಗೊಟ್ಟು ಕೇಳಿದರು, ಸೋಂಕು ಶುರುವಾಗಿತ್ತು. ಗೂಡಿನ ಬಿಸಿ ಹೆಚ್ಚಿಸಿ, ಇಂಜೆಕ್ಷನ್ ಕೊಟ್ಟು, ಹಾವು ಸುಧಾರಿಸಿತು. ಮೂವರಲ್ಲಿ ಒಬ್ಬರಾದರೂ ಕಂಡದ್ದನ್ನು ಬಿಟ್ಟು "ನಿದ್ದೆಗಣ್ಣಲ್ಲಿತ್ತು" ಎಂದು ಬರೆದಿದ್ದರೆ ಆ ಲೆಕ್ಕ ಕೂಡುತ್ತಿರಲಿಲ್ಲ.

ಜನರ ಜೊತೆ ಮಾತಾಡುವುದಕ್ಕೂ ಈ ಅಭ್ಯಾಸ ಉಪಯೋಗಕ್ಕೆ ಬಂದಿದೆ. ಕಿರುಚಿದವರಿಗೆ ನಾನು "ಹೆದರಬೇಡಿ" ಎನ್ನುವುದಿಲ್ಲ. ಹೇಳಿದರೆ ಯಾರೂ ಭಯ ಬಿಡುವುದಿಲ್ಲ. "ನಾಲಿಗೆ ಎಲ್ಲಿಂದ ಬಂತು ನೋಡಿದಿರಾ?" ಎಂದು ಕೇಳುತ್ತೇನೆ. ಹಿಂದೆ ಸರಿದವರು ಮುಂದೆ ಬಂದು ಇಣುಕುತ್ತಾರೆ. ಇನ್ನೊಂದು ಆಕಳಿಕೆ ಬರುತ್ತದಾ ಅಂತ ಕಾಯುತ್ತಾರೆ. ಊಟವಾದ ಹಾವಾಗಿದ್ದರೆ ಬರುವುದೂ ಉಂಟು. ಗಾಜು ಬಡಿದರೆ ಮಾತ್ರ ಬರುವುದಿಲ್ಲ, ಹಾವು ತಲೆಯನ್ನು ಸುತ್ತಿನೊಳಗೆ ಇಟ್ಟುಕೊಂಡುಬಿಡುತ್ತದೆ.

ಮನೆಯಲ್ಲಿ ಹಾವು ಸಾಕಿದವರು ನನಗೆ ವಿಡಿಯೊ ಕಳುಹಿಸುತ್ತಾರೆ. ನಿಧಾನಗತಿ ಮಾಡಿ, ಹಿಂದೆ ಒಂದು ಹಾಡು ಹಾಕಿ, "ನೋಡಿ ಎಷ್ಟು ಚಂದ ಆಕಳಿಸುತ್ತೆ" ಎಂದು. ಚಂದವೇನೋ ಹೌದು. ಆದರೆ ಹಾಡಿನಲ್ಲಿ ಉಸಿರಿನ ಸದ್ದು ಮುಚ್ಚಿಹೋಗುತ್ತದೆ, ನಿಧಾನಗತಿಯಲ್ಲಿ ಬಾಯಿ ಎಷ್ಟು ಹೊತ್ತು ತೆರೆದಿತ್ತು ಅನ್ನುವುದು ತಿಳಿಯುವುದಿಲ್ಲ. ಹಾಡಿಲ್ಲದ ಮೂಲ ವಿಡಿಯೊ ಕಳುಹಿಸಿ. ಕೊನೆಯ ಊಟ ಯಾವಾಗ, ಪೊರೆ ಬಿಟ್ಟದ್ದು ಯಾವಾಗ, ಗೂಡಿನ ಬಿಸಿ ಎಷ್ಟು, ದಿನಕ್ಕೆ ಎಷ್ಟು ಸಲ ಹೀಗಾಗುತ್ತಿದೆ ಅನ್ನುವುದನ್ನೂ ಬರೆಯಿರಿ. ಸದ್ದೋ ಲೋಳೆಯೋ ಇದ್ದರೆ ನನಗೆ ಕಳುಹಿಸುವ ಮೊದಲು ಸರೀಸೃಪ ಬಲ್ಲ ಡಾಕ್ಟರ ಹತ್ತಿರ ಹೋಗಿ.